ಹಳೇ ಟ್ಯಾಬ್ಲೆಟ್ಟನ್ನು ಡಬ್ಬಿಯಲ್ಲಿಟ್ಟು ನೇತ್ರಾಣಿಯ ನೀರಿಗೆ ಇಳಿಸಬಹುದಾ?

ಓದುಗರ ಪ್ರಶ್ನೆ: ಸರ್, ನಾನು ಮುರುಡೇಶ್ವರದಲ್ಲಿ ಸೀಸನ್ ಇದ್ದಾಗ ಡೈವ್ ಮಾಸ್ಟರ್ ಕೆಲಸ ಮಾಡುತ್ತೇನೆ. ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಹವಳ, ಮೀನು ಎಣಿಸುವ ಸರ್ವೆಗೂ ಹೋಗುತ್ತೇನೆ. ಈಗ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡು, ರಾತ್ರಿ ಕೂತು ಎಕ್ಸೆಲ್‌ಗೆ ಏರಿಸಬೇಕು. ಒಂದೊಂದು ಡೈವ್‌ಗೂ ಒಂದು ಗಂಟೆ ಇದಕ್ಕೇ ಹೋಗುತ್ತದೆ. ನನ್ನ ಹತ್ತಿರ ಹಳೇ 8 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಇದೆ. 6 ಎಂಎಂ ಅಕ್ರಿಲಿಕ್ ಶೀಟಿನಲ್ಲಿ ಡಬ್ಬಿ ಮಾಡಿಸಿ ಅದರೊಳಗೆ ಇಟ್ಟುಕೊಂಡು ಹೋಗಬಹುದಾ? ಟಚ್ ಕೆಲಸ ಮಾಡುತ್ತದಾ? ಆಳ ತೋರಿಸುವ ಆ್ಯಪ್ ಹಾಕಿಕೊಂಡರೆ, ಆಳ, ಸಮಯದ ಲೆಕ್ಕ ಇಡಲು ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನ ಬಾಡಿಗೆ ಉಳಿಯುತ್ತದಾ? ಒಬ್ಬ ಸ್ನೇಹಿತ, ಐಪಿ68 ಫೋನ್ ತಗೋ ಡಬ್ಬಿಯೇ ಬೇಡ ಅಂತಾನೆ. ಇನ್ನೊಬ್ಬ, ಡಬ್ಬಿಗೆ ಎಣ್ಣೆ ತುಂಬಿಸು, ಒತ್ತಡದ ತಲೆನೋವೇ ಇರಲ್ಲ ಅಂತಾನೆ. ನನ್ನ ಬಜೆಟ್ 15 ಸಾವಿರ ರೂಪಾಯಿ.

ಉತ್ತರ:

ನಿಮ್ಮ ಕಷ್ಟ ನನಗೆ ಗೊತ್ತು. ಎರಡು ಡೈವ್ ಮುಗಿಸಿ, ದೋಣಿಯಲ್ಲಿ ಅಲ್ಲಾಡಿಕೊಂಡು ದಡಕ್ಕೆ ಬಂದು, ಸಿಲಿಂಡರ್ ಎಲ್ಲ ಇಳಿಸಿ ರಾತ್ರಿ ಕೂತಾಗ, ಸ್ಲೇಟಿನ ಮೇಲೆ ಬರೆದದ್ದು 3ಓ 8ಓ ಅಂತ ನಮಗೇ ತಿಳಿಯುವುದಿಲ್ಲ. ಆಮೇಲೆ ಜ್ಞಾಪಕದ ಮೇಲೆ ಒಂದು ಅಂಕಿ ಹಾಕುತ್ತೇವೆ. ಸರ್ವೆ ಕೆಡುವುದು ಅಲ್ಲೇ. ಹಾಗಾಗಿ ನೀವು ಹುಡುಕುತ್ತಿರುವ ದಾರಿ ಸರಿಯಾದದ್ದೇ. ನೀರೊಳಗಿನ ಕ್ಯಾಮೆರಾಗಳಿಗೆ, ಸೆನ್ಸರ್‌ಗಳಿಗೆ ಡಬ್ಬಿ ಮಾಡುವುದು, ಸೋರಿದ್ದನ್ನು ಬಿಚ್ಚಿ ನೋಡುವುದು ಎಷ್ಟೋ ವರ್ಷದಿಂದ ನನ್ನ ಕೆಲಸ. ಅದರಿಂದ ಕಲಿತದ್ದನ್ನು ಹೇಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ಸರ್ವೆಗೆ ಟ್ಯಾಬ್ಲೆಟ್ ಅಥವಾ ಫೋನ್ ಒಯ್ಯಬಹುದು. 6 ಎಂಎಂ ಡಬ್ಬಿಯಲ್ಲಿ ಬೇಡ. ಬೆರಳಿನ ಟಚ್ ನಂಬಬೇಡಿ. ಡೈವ್ ಕಂಪ್ಯೂಟರನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ.

ಐಪಿ68 ಅನ್ನುವುದರಿಂದ ಶುರು ಮಾಡೋಣ, ಯಾಕೆಂದರೆ ಜಾಸ್ತಿ ಫೋನ್ ಸಾಯುವುದು ಈ ನಂಬಿಕೆಯಿಂದಲೇ. 6 ಅಂದರೆ ಧೂಳು ಒಳಗೆ ಹೋಗಲ್ಲ. 8 ಅಂದರೆ ಒಂದು ಮೀಟರಿಗಿಂತ ಹೆಚ್ಚು ಆಳದಲ್ಲಿ, ಕಂಪನಿಯೇ ಹೇಳಿದ ಆಳ ಮತ್ತು ಸಮಯದವರೆಗೆ ಮುಳುಗಿಸಿ ನೋಡಿದ್ದಾರೆ ಅಂತ. ಆ ಆಳ ಎಷ್ಟು? ತುಂಬ ಸ್ಯಾಮ್‌ಸಂಗ್ ಫೋನ್‌ಗಳಿಗೆ ಒಂದೂವರೆ ಮೀಟರ್, 30 ನಿಮಿಷ. ಐಫೋನ್ 12ರಿಂದೀಚೆಗಿನ ಹೆಚ್ಚಿನವಕ್ಕೆ 6 ಮೀಟರ್, 30 ನಿಮಿಷ. ಅದೂ ಅಲ್ಲಾಡದೆ ನಿಂತ ಸಿಹಿನೀರಿನಲ್ಲಿ, ಹೊಸ ಫೋನ್‌ನಲ್ಲಿ. ನಿಮ್ಮದು ಉಪ್ಪುನೀರು, ದೋಣಿಯಿಂದ ಹಾರುವಾಗ ಬಡಿಯುವ ನೀರು, 15 ಮೀಟರ್ ಆಳ, ಎರಡು ಸಲ ಕೆಳಗೆ ಬಿದ್ದು ಅಂಟು ಸಡಿಲವಾದ ಫೋನ್. ನೀರು ಹೊಕ್ಕರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನು ಎಣ್ಣೆ. ಆ ಸ್ನೇಹಿತರು ಸುಮ್ನೆ ಹೇಳಿಲ್ಲ, ಆಳ ಸಮುದ್ರದ ಯಂತ್ರಗಳಲ್ಲಿ ಮೋಟಾರು, ಬ್ಯಾಟರಿಗಳನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿ ಇಡುವ ಪದ್ಧತಿ ನಿಜವಾಗಿ ಇದೆ. ಎಣ್ಣೆ ಗಾಳಿಯ ಹಾಗೆ ಕುಗ್ಗುವುದಿಲ್ಲ, ಒಳಗೂ ಹೊರಗೂ ಒಂದೇ ಒತ್ತಡ ಆಗುವುದರಿಂದ ಡಬ್ಬಿ ತೆಳ್ಳಗಿದ್ದರೂ ನಡೆಯುತ್ತದೆ. ಆದರೆ ಆ ಭಾಗಗಳನ್ನು ಒತ್ತಡ ತಡೆಯುತ್ತವಾ ಅಂತ ನೋಡಿ ಆರಿಸಿರುತ್ತಾರೆ. ಫೋನ್, ಟ್ಯಾಬ್ಲೆಟ್ ಹಾಗಲ್ಲ. ಮೈಕ್, ಸ್ಪೀಕರ್, ಗಡಿಯಾರದ ಕ್ರಿಸ್ಟಲ್, ಇವುಗಳ ಒಳಗೆಲ್ಲ ಟೊಳ್ಳು ಇರುತ್ತದೆ. ಎಣ್ಣೆಯ ಮೂಲಕ ಬಂದ ಒತ್ತಡ ನೇರ ಆ ಟೊಳ್ಳಿನ ಮೇಲೆ ಬೀಳುತ್ತದೆ. ಕ್ಯಾಮೆರಾದ ಮಸೂರಗಳ ನಡುವೆ ಎಣ್ಣೆ ಹೋದರೆ ಫೋಕಸ್ ಹೋಯಿತು. ಸ್ಕ್ರೀನಿನ ಹಿಂದೆ ಬೆಳಕು ಹರಡುವ ತೆಳು ಹಾಳೆಗಳಿರುತ್ತವೆ, ಅವುಗಳ ನಡುವೆ ಎಣ್ಣೆ ಏರಿದರೆ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಕಲೆ ಹರಡುತ್ತದೆ, ಮತ್ತೆ ಹೋಗುವುದಿಲ್ಲ. ಬೇಡವೇ ಬೇಡ.

ಈಗ ನಿಮ್ಮ 6 ಎಂಎಂ ಡಬ್ಬಿ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು.

ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಭಾರ ಏರುತ್ತದೆ, ಇದನ್ನು ಕೋರ್ಸಿನಲ್ಲೇ ಓದಿರುತ್ತೀರಿ. ನಿಮ್ಮ ಟ್ಯಾಬ್ಲೆಟ್ ಹಿಡಿಸುವ ಕಿಟಕಿ 23 ಸೆಂಮೀ ಉದ್ದ, 15 ಸೆಂಮೀ ಅಗಲ ಅಂತಿಟ್ಟುಕೊಳ್ಳಿ. 345 ಚದರ ಸೆಂಮೀ. 15 ಮೀಟರ್ ಆಳದಲ್ಲಿ ಅದರ ಮೇಲೆ 500 ಕೆಜಿಗಿಂತ ಜಾಸ್ತಿ ಭಾರ, ಅಂದರೆ 50 ಕೆಜಿಯ ಹತ್ತು ಅಕ್ಕಿ ಮೂಟೆ. 30 ಮೀಟರಿನಲ್ಲಿ ಒಂದು ಟನ್. ಅಂಚಿನಲ್ಲಿ ಮಾತ್ರ ಆಸರೆ ಇರುವ 6 ಎಂಎಂ ಅಕ್ರಿಲಿಕ್ ಹಾಳೆ 15 ಮೀಟರಿನಲ್ಲೇ ನಡುಮಧ್ಯೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಒಳಕ್ಕೆ ಬಾಗುವ ಲೆಕ್ಕ ಬರುತ್ತದೆ. ಆಗ ಅಕ್ರಿಲಿಕ್ ಮೇಲೆ ಬೀಳುವ ಎಳೆತ ಅದು ಮುರಿಯುವ ಮಟ್ಟದ ಅರ್ಧಕ್ಕಿಂತ ಜಾಸ್ತಿ. ಒಂದು ಸಲ ತಡೆದೀತು. ಬಿಸಿಲು, ಉಪ್ಪು, ತೂತು ಕೊರೆದ ಜಾಗದ ಕಣ್ಣಿಗೆ ಕಾಣದ ಬಿರುಕು, ಇವೆಲ್ಲ ಸೇರಿ ಹತ್ತನೇ ಡೈವ್‌ಗೆ ಕೈಕೊಡುತ್ತದೆ. ಅದೇ ಹಾಳೆ 15 ಎಂಎಂ ದಪ್ಪ ಇದ್ದರೆ ಬಾಗುವುದು ಒಂದು ಮಿಲಿಮೀಟರಿಗೂ ಕಡಿಮೆ. ಯಾಕಷ್ಟು ವ್ಯತ್ಯಾಸ ಅಂದರೆ, ಬಾಗುವಿಕೆ ದಪ್ಪದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ದಪ್ಪ ಎರಡರಷ್ಟಾದರೆ ಬಾಗುವುದು ಎಂಟನೇ ಒಂದು ಪಾಲು. ಅಗಲ ಹೆಚ್ಚಾದರೆ ಅದಕ್ಕಿಂತಲೂ ವೇಗವಾಗಿ ಕೆಡುತ್ತದೆ. ಅದಕ್ಕೇ ನನ್ನ ಸಲಹೆ, ಟ್ಯಾಬ್ಲೆಟ್ ಬಿಟ್ಟು ಹಳೇ ಫೋನೊಂದನ್ನು ಆರಿಸಿ. ಕಿಟಕಿ 17ಕ್ಕೆ 9 ಸೆಂಮೀ ಸಾಕು, 12 ಎಂಎಂ ಹಾಳೆ 20 ಮೀಟರಿಗೆ ನೆಮ್ಮದಿಯಾಗಿ ಆಗುತ್ತದೆ. ಮುಖವಾಡದ ಗಾಜಿನಿಂದ ನೋಡುವಾಗ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದಲ್ಲ, ಹಾಗಾಗಿ ಸಣ್ಣ ಸ್ಕ್ರೀನ್ ಅಂತ ಯೋಚನೆ ಬೇಡ.

ಆದರೆ ಸೋರುವುದಕ್ಕೂ ಮುರಿಯುವುದಕ್ಕೂ ಸಂಬಂಧ ಕಡಿಮೆ. ಆಳಕ್ಕೆ ಹೋದಷ್ಟೂ ಸೋರುವುದು ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಮೊದಲ ಕೆಲವು ಮೀಟರಿನಲ್ಲೇ ಆದವು, ಕೆಲವು ದೋಣಿಯ ತೊಳೆಯುವ ಬಕೆಟ್‌ನಲ್ಲೇ. ಆಳದಲ್ಲಿ ನೀರಿನ ಒತ್ತಡವೇ ಮುಚ್ಚಳವನ್ನು ಒತ್ತಿ ಓ-ರಿಂಗನ್ನು, ಅಂದರೆ ನೀರು ತಡೆಯುವ ರಬ್ಬರ್ ಬಳೆಯನ್ನು, ಅದರ ತೋಡಿನಲ್ಲಿ ಕೂರಿಸುತ್ತದೆ. ಮೇಲೆ ಆ ಸಹಾಯ ಇಲ್ಲ. ಒಮ್ಮೆ ನಾನೇ ಮುಚ್ಚಿದ ಡಬ್ಬಿಯೊಂದು ಸುಮಾರು ನಾಲ್ಕು ಮೀಟರ್ ಹೋಗುವಷ್ಟರಲ್ಲಿ ಕಿಟಕಿಯ ಕೆಳಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ ತೋರಿಸಿತು. ಅಲ್ಲಾಡಿಸಿದರೆ ಉರುಳುತ್ತದೆ. ತಕ್ಷಣ ಮೇಲೆ ಬಂದು, ಒರೆಸಿ, ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದರೆ ಓ-ರಿಂಗಿನ ಮೇಲೆ ಅಡ್ಡ ಮಲಗಿದ್ದು ಟವೆಲಿನ ಒಂದು ಬಿಳಿ ಎಳೆ, ಅರ್ಧ ಇಂಚೂ ಇಲ್ಲ. ಅವತ್ತಿನಿಂದ ಟವೆಲಿನಲ್ಲಿ ಓ-ರಿಂಗ್ ಒರೆಸುವುದು ಬಿಟ್ಟೆ. ಬೆರಳಲ್ಲೇ ಸವರಿ. ಬೆರಳಿನ ತುದಿಗೆ ಮರಳಿನ ಕಣ, ಕೂದಲು ಎಲ್ಲ ತಿಳಿಯುತ್ತದೆ. ಗ್ರೀಸ್ ಹೊಳಪು ಬರುವಷ್ಟು ಮಾತ್ರ, ಮುದ್ದೆ ಮುದ್ದೆ ಹಚ್ಚಿದರೆ ಅದೇ ಮರಳನ್ನು ಹಿಡಿದುಕೊಳ್ಳುತ್ತದೆ. ನೈಟ್ರೈಲ್ ರಬ್ಬರಿನ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸರಿ. ಸಿಲಿಕೋನ್ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಊದಿಕೊಳ್ಳುತ್ತದೆ, ಕೊಳ್ಳುವಾಗಲೇ ಯಾವುದು ಅಂತ ಕೇಳಿ.

ಪರೀಕ್ಷೆ ಹೇಗೆ? ಬಕೆಟ್‌ನಲ್ಲಿ ಮುಳುಗಿಸಿ ನೋಡುವುದು ಪರೀಕ್ಷೆಯೇ ಅಲ್ಲ, ಒಂದು ಅಡಿ ನೀರಿನಲ್ಲಿ ಒತ್ತಡವೇ ಇಲ್ಲ. ಎರಡು ಬೇರೆ ಬೇರೆ ಪರೀಕ್ಷೆ ಬೇಕು. ಒಂದು ಗಟ್ಟಿತನಕ್ಕೆ: ಖಾಲಿ ಡಬ್ಬಿಯೊಳಗೆ ಟಿಶ್ಯೂ ಪೇಪರ್ ಹಾಕಿ, ಕಲ್ಲು ಕಟ್ಟಿ, ಹಗ್ಗದಲ್ಲಿ ದೋಣಿಯಿಂದ 30 ಮೀಟರಿಗೆ ಬಿಡಿ. ಅರ್ಧ ಗಂಟೆ. ಹೀಗೆ ಬೇರೆ ಬೇರೆ ದಿನ ಮೂರು ಸಲ. ಪೇಪರ್ ಒಣಗಿದ್ದು, ಅಂಚುಗಳಲ್ಲಿ ಬಿಳಿ ಗೆರೆ ಕಾಣದಿದ್ದರೆ 20 ಮೀಟರ್‌ವರೆಗೆ ಬಳಸಬಹುದು. ಇನ್ನೊಂದು ಸೋರಿಕೆಗೆ, ಇದನ್ನು ಪ್ರತಿ ಡೈವ್‌ಗೂ ಮುಂಚೆ ಮಾಡಬೇಕು: ಡಬ್ಬಿಗೆ ಒಮ್ಮುಖದ ವಾಲ್ವ್ ಒಂದನ್ನು ಕೂರಿಸಿ, ಕೈಪಂಪಿನಿಂದ ಒಳಗಿನ ಗಾಳಿಯನ್ನು ಕಾಲು ಭಾಗದಷ್ಟು ಎಳೆದುಬಿಡಿ. ನಿಮ್ಮ ಫೋನ್‌ನಲ್ಲಿ ಬ್ಯಾರೋಮೀಟರ್ ಇದ್ದರೆ ಅದೃಷ್ಟ, ಮುಚ್ಚಿದ ಡಬ್ಬಿಯೊಳಗೆ ಅದು ತೋರಿಸುವುದು ಡಬ್ಬಿಯ ಗಾಳಿಯ ಒತ್ತಡವನ್ನೇ. 1010 ಹೆಕ್ಟೋಪ್ಯಾಸ್ಕಲ್ ಇದ್ದದ್ದು 760ಕ್ಕೆ ಇಳಿದು, ಅರ್ಧ ಗಂಟೆ ಅಲ್ಲೇ ನಿಂತರೆ ಡಬ್ಬಿ ಭದ್ರ. ಮೆಲ್ಲಗೆ ಏರುತ್ತಾ ಹೋದರೆ ಎಲ್ಲೋ ದಾರಿ ಇದೆ. ಒಂದು ಎಚ್ಚರಿಕೆ, ಫೋನ್ ಬಿಸಿಯಾದರೂ ಅಂಕಿ ಏರುತ್ತದೆ, ಒಂದು ಡಿಗ್ರಿಗೆ ಎರಡು ಮೂರು ಅಂಕಿಯಷ್ಟು. ಅದಕ್ಕೇ ನೆರಳಿನಲ್ಲಿ ಇಟ್ಟು ನೋಡಿ. ಗಾಳಿ ಎಳೆದದ್ದರಿಂದ ಇನ್ನೊಂದು ಲಾಭ, ಮುಚ್ಚಳ ಮೇಲ್ಮೈಯಲ್ಲೂ ಬಿಗಿಯಾಗಿ ಕೂತಿರುತ್ತದೆ. ಮೊದಲ ಕೆಲವು ಮೀಟರಿನ ಅಪಾಯವೇ ತಪ್ಪಿತಲ್ವಾ.

ಟಚ್ ವಿಷಯ. ಈಗಿನ ಸ್ಕ್ರೀನ್ ಒತ್ತಡಕ್ಕೆ ಸ್ಪಂದಿಸುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳ ಬಲೆ ಇರುತ್ತದೆ, ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಚೂರು ಬದಲಾಗುತ್ತದೆ, ಅದನ್ನೇ ಅದು ಟಚ್ ಅಂತ ಓದುತ್ತದೆ. 12 ಎಂಎಂ ಅಕ್ರಿಲಿಕ್, ನಡುವೆ ಗಾಳಿ ಇದ್ದರೆ ಬೆರಳು ಅದಕ್ಕೆ ತಿಳಿಯುವುದೇ ಇಲ್ಲ. ಡಬ್ಬಿ ಇಲ್ಲದೆ ಹಾಗೇ ಮುಳುಗಿಸಿದರೆ ಉಲ್ಟಾ ತೊಂದರೆ, ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಇಡೀ ಸ್ಕ್ರೀನನ್ನು ಒಟ್ಟಿಗೆ ಯಾರೋ ಮುಟ್ಟಿದ ಹಾಗೆ ಆಗಿ ಫೋನ್ ಕಂಗಾಲಾಗುತ್ತದೆ. ಅಂಗಡಿಯ ಪ್ಲಾಸ್ಟಿಕ್ ಪೌಚ್ ಸ್ನಾರ್ಕೆಲಿಂಗ್‌ಗೆ ನಡೆಯುತ್ತದೆ. 10 ಮೀಟರಿಗೆ ಹೋಗುವಷ್ಟರಲ್ಲಿ ಒಳಗಿನ ಗಾಳಿ ಅರ್ಧವಾಗಿ, ಹಾಳೆ ಸ್ಕ್ರೀನಿಗೆ ಅಂಟಿಕೊಂಡು, ಮುಟ್ಟದೆಯೇ ಏನೇನೋ ಒತ್ತಿಹೋಗುತ್ತದೆ.

ಹಾಗಾದರೆ ಏನು ಮಾಡಬಹುದು? ಕೊಳ್ಳುವ ದಾರಿಯಲ್ಲಿ ಎರಡು ಜಾತಿ ಇವೆ. ಸೀಲೈಫ್‌ನ ಸ್ಪೋರ್ಟ್‌ಡೈವರ್ ತರಹದ್ದು ಗಟ್ಟಿ ಡಬ್ಬಿ, 40 ಮೀಟರ್‌ವರೆಗೆ, ಹೊರಗೆ ದೊಡ್ಡ ಗುಂಡಿಗಳು, ಒಳಗೆ ಅವು ಬ್ಲೂಟೂತ್‌ನಲ್ಲಿ ಫೋನ್ ಜೊತೆ ಮಾತಾಡುತ್ತವೆ. ಆದರೆ ಅದರ ಗುಂಡಿಗಳು ಅವರದೇ ಕ್ಯಾಮೆರಾ ಆ್ಯಪ್‌ಗೆ ಮಾಡಿದ್ದು, ನಿಮ್ಮ ಮೀನು ಎಣಿಸುವ ಫಾರ್ಮ್ ಅದರಲ್ಲಿ ನಡೆಯುವುದಿಲ್ಲ. ಡೈವ್‌ವೋಲ್ಕ್‌ನ ಸೀಟಚ್ ಇನ್ನೊಂದು ಜಾತಿ, ಸ್ಕ್ರೀನಿನ ಮೇಲೆ ಮೆತ್ತಗಿನ ಪೊರೆ ಇರುತ್ತದೆ, ಅದರ ಮೂಲಕ ಟಚ್ ಸಿಗುತ್ತದೆ, 60 ಮೀಟರ್ ಅಂತ ಕಂಪನಿ ಹೇಳುತ್ತದೆ. ಇದರಲ್ಲಿ ಯಾವ ಆ್ಯಪ್ ಬೇಕಾದರೂ ನಡೆಯುತ್ತದೆ, ಆದರೆ ನೀರಿನೊಳಗೆ ಸಣ್ಣ ಕೀಬೋರ್ಡಿನಲ್ಲಿ ಟೈಪ್ ಮಾಡುವುದು ಆಗದ ಮಾತು, ಪೊರೆಯನ್ನು ಹವಳದ ಚೂಪಿನಿಂದ ಕಾಪಾಡಿಕೊಳ್ಳಲೂ ಬೇಕು. ಎರಡೂ ನಿಮ್ಮ ಬಜೆಟ್ ದಾಟುತ್ತವೆ. ತಂಡದಲ್ಲಿ ಮೂರು ನಾಲ್ಕು ಜನ ಸೇರಿ ಸೀಟಚ್ ತರಹದ್ದು ಒಂದು ಕೊಂಡರೆ ತಪ್ಪಿಲ್ಲ.

ಸ್ವಂತ ಮಾಡುವುದಾದರೆ ನನಗೆ ತುಂಬ ಹಿಡಿಸಿದ್ದು ಆಯಸ್ಕಾಂತದ ದಾರಿ. ಗುಂಡಿಗೆ ಅಂತ ಡಬ್ಬಿಗೆ ತೂತು ಕೊರೆದರೆ ಪ್ರತಿ ತೂತೂ ಒಂದು ಸೋರುವ ಜಾಗ. ಅದರ ಬದಲು ಡಬ್ಬಿಯ ಒಳಗೋಡೆಗೆ ನಾಲ್ಕು ರೀಡ್ ಸ್ವಿಚ್ ಅಂಟಿಸಿ, ಹೊರಗೆ ಸ್ಪ್ರಿಂಗ್ ಇರುವ ನಾಲ್ಕು ಸಣ್ಣ ಆಯಸ್ಕಾಂತದ ಗುಂಡಿ ಇಡಿ. ಒತ್ತಿದರೆ ಆಯಸ್ಕಾಂತ ಹತ್ತಿರ ಬಂದು ಒಳಗಿನ ಸ್ವಿಚ್ ಕೂಡುತ್ತದೆ, ಗೋಡೆಗೆ ತೂತೇ ಇಲ್ಲ. ಈ ಸ್ವಿಚ್‌ಗಳನ್ನು ಒಂದು ಸಣ್ಣ ಕೀಬೋರ್ಡ್ ಬೋರ್ಡಿಗೆ ಜೋಡಿಸಿ ಯುಎಸ್‌ಬಿ ವೈರಿನಲ್ಲಿ ಫೋನ್‌ಗೆ ಕೊಟ್ಟರೆ, ಆಂಡ್ರಾಯ್ಡ್ ಅದನ್ನು ಮಾಮೂಲಿ ಕೀಬೋರ್ಡ್ ಅಂತಲೇ ತಿಳಿಯುತ್ತದೆ. ಮೇಲೆ, ಕೆಳಗೆ, ಒಂದು ಕೂಡಿಸು, ಒಂದು ಕಳೆ. ಇಷ್ಟೇ ಸಾಕು, ಮೀನು ಎಣಿಸಲು ಇನ್ನೇನು ಬೇಕು? ಪಟ್ಟಿಯಲ್ಲಿ ಗ್ರೂಪರ್, ಪ್ಯಾರಟ್ ಮೀನು, ಬಟರ್‌ಫ್ಲೈ ಮೀನು ಅಂತ ಸಾಲಾಗಿ ಇರುತ್ತದೆ, ಕಂಡಾಗ ಆ ಸಾಲಿಗೆ ಹೋಗಿ ಕೂಡಿಸು ಒತ್ತುವುದು. ಪ್ರತಿ ಒತ್ತಿಗೂ ಸಮಯ ತಾನೇ ದಾಖಲಾಗುತ್ತದೆ. ಒತ್ತಿದಾಗ ಫೋನ್ ಕಂಪಿಸುವ ಹಾಗೆ ಮಾಡಿ, ಡಬ್ಬಿ ಹಿಡಿದ ಕೈಗೆ ತಿಳಿಯುತ್ತದೆ, ಕಣ್ಣು ಮೀನಿನ ಮೇಲೇ ಇರಬಹುದು. ಈ ಯೋಚನೆ ಹೊಸದಲ್ಲ. ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆಯವರು 1990ರ ದಶಕದಲ್ಲೇ ವೆಟ್‌ಪಿಸಿ ಅಂತ ಡೈವರ್‌ಗಳಿಗೆ ಕಂಪ್ಯೂಟರ್ ಮಾಡಿದಾಗ, ಒಂದೇ ಕೈಯಲ್ಲಿ ಒತ್ತುವ ಐದು ಗುಂಡಿಯ ಪ್ಯಾಡ್ ಬಳಸಿದ್ದರು. ಆಯಸ್ಕಾಂತದ ತೊಂದರೆ ಒಂದೇ, ದಿಕ್ಸೂಚಿ ಕೆಡಿಸುತ್ತದೆ. ಅದನ್ನು ಇನ್ನೊಂದು ಕೈಗೆ ಕಟ್ಟಿಕೊಳ್ಳಿ.

ಸ್ಕ್ರೀನ್ ಬಗ್ಗೆ ಒಂದು ಮಾತು, ಇದು ನೀರಿಗೆ ಇಳಿಯುವವರೆಗೆ ಯಾರಿಗೂ ಹೊಳೆಯುವುದಿಲ್ಲ. ಗಾಳಿ ತುಂಬಿದ ಡಬ್ಬಿಯನ್ನು ನೀರಿನಿಂದ ಓರೆಯಾಗಿ ನೋಡಿದರೆ, ನೇರ ನೋಟದಿಂದ ಸುಮಾರು 48 ಡಿಗ್ರಿ ದಾಟಿದ ತಕ್ಷಣ ಕಿಟಕಿ ಬೆಳ್ಳಿ ತಟ್ಟೆಯ ಹಾಗೆ ಆಗಿಬಿಡುತ್ತದೆ. ಸ್ಕ್ರೀನ್ ಮಾಯ, ನಿಮ್ಮದೇ ಗುಳ್ಳೆಗಳು ಅದರಲ್ಲಿ ಕಾಣುತ್ತವೆ. ಫೋನ್ ಕೆಟ್ಟಿತು ಅಂತ ಗಾಬರಿಯಾಗಬೇಡಿ, ನೇರ ಮುಖಕ್ಕೆ ತಿರುಗಿಸಿ. ಮತ್ತೆ, ಡಬ್ಬಿಯನ್ನು ಎಸಿ ರೂಮಿನಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಡಿ. ಕರಾವಳಿಯ ಬೆವರು ಸುರಿಯುವ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ನೀರಿಗಿಳಿದ ಐದು ನಿಮಿಷಕ್ಕೆ ಕಿಟಕಿ ಮಂಜು. ದೋಣಿಯಲ್ಲಿ ಒದ್ದೆ ಬಟ್ಟೆ ಮುಚ್ಚಿಡಿ, ಬಿಸಿಲಿನಲ್ಲಿ ಮುಚ್ಚಿದ ಡಬ್ಬಿ ಒಲೆ ಆಗುತ್ತದೆ.

ತೂಕವನ್ನೂ ನೋಡಿಕೊಳ್ಳಬೇಕು. ಡಬ್ಬಿ ಎರಡು ಲೀಟರ್ ಜಾಗ ಹಿಡಿದರೆ ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗಬೇಕು, ಇಲ್ಲದಿದ್ದರೆ ತೇಲುತ್ತಾ ಕೈ ಎಳೆಯುತ್ತದೆ. ಕಡಿಮೆ ಬಿದ್ದ ತೂಕಕ್ಕೆ ಸೀಸವನ್ನು ಡಬ್ಬಿಗೇ ಕಟ್ಟಿ, ನಿಮ್ಮ ಬೆಲ್ಟಿಗೆ ಬೇಡ. ಕೈಯಿಂದ ಜಾರಿದರೆ ನಿಮ್ಮ ತೇಲುವಿಕೆ ಬದಲಾಗಬಾರದು.

ಈಗ ಡೈವ್ ಕಂಪ್ಯೂಟರ್ ಮಾತು. ಫೋನ್‌ನ ಬ್ಯಾರೋಮೀಟರ್ ಡಬ್ಬಿಯೊಳಗಿನ ಗಾಳಿಯನ್ನು ಅಳೆಯುತ್ತದೆ ಅಂದೆ. ಹಾಗಾಗಿ ನೀವು 18 ಮೀಟರಿನಲ್ಲಿ ಇದ್ದರೂ ಅದರ ಪಾಲಿಗೆ ನೀವು ದೋಣಿಯಲ್ಲೇ ಇದ್ದೀರಿ. ಹೊರಗೆ ಇಟ್ಟರೂ ಪ್ರಯೋಜನವಿಲ್ಲ, ಅದು ಅಳೆಯಬಲ್ಲದ್ದು ವಾತಾವರಣದ ಒತ್ತಡದ ಆಸುಪಾಸಿನದ್ದು ಮಾತ್ರ. ಆಳ ಗೊತ್ತಿಲ್ಲದೆ ಲೆಕ್ಕ ಹಾಕುವ ಆ್ಯಪ್ ಎಷ್ಟು ಚೆನ್ನಾಗಿದ್ದರೇನು? 2022ರಲ್ಲಿ ಬಂದ ಆಪಲ್ ವಾಚ್ ಅಲ್ಟ್ರಾದಲ್ಲಿ ಡೈವಿಂಗ್ ಸಾಧ್ಯವಾದದ್ದು ಅದಕ್ಕೆಂದೇ ಆಳದ ಸೆನ್ಸರ್ ಹಾಕಿ, ಡೈವಿಂಗ್ ಆಳಮಾಪಕಗಳಿಗೆ ಇರುವ ಯುರೋಪಿನ ಇಎನ್ 13319 ಮಾನದಂಡಕ್ಕೆ ಹೊಂದಿಸಿದ್ದರಿಂದ. ಅದಕ್ಕೂ 40 ಮೀಟರ್ ಮಿತಿ. ಡೈವ್ ಕಂಪ್ಯೂಟರ್‌ಗಳು ನಿಮ್ಮ ಮೈಯಲ್ಲಿ ಕರಗಿದ ಸಾರಜನಕವನ್ನು ಲೆಕ್ಕ ಇಡುತ್ತವೆ. ಸ್ವಿಟ್ಜರ್ಲೆಂಡಿನ ಬ್ಯೂಲ್‌ಮನ್ ಅವರ ಲೆಕ್ಕಾಚಾರ ಬಳಸುವವು ದೇಹವನ್ನು ಬೇರೆ ಬೇರೆ ವೇಗದಲ್ಲಿ ಸಾರಜನಕ ಹೀರುವ 16 ಭಾಗಗಳಾಗಿ ಮಾಡಿಕೊಳ್ಳುತ್ತವೆ. ಬೆಳಗಿನ ಡೈವ್‌ನ ಸಾರಜನಕ ಮಧ್ಯಾಹ್ನವೂ ಮೈಯಲ್ಲಿ ಉಳಿದಿರುತ್ತದೆ, ಅದಕ್ಕೇ ಇಡೀ ದಿನ ಒಂದೇ ಕಂಪ್ಯೂಟರ್ ಕಟ್ಟಿಕೊಳ್ಳಬೇಕು, ಬದಲಿಸಬಾರದು. ಬಾಡಿಗೆ ಉಳಿಸಬೇಡಿ, ದಯವಿಟ್ಟು. ಡಬ್ಬಿಯೊಳಗಿನ ಫೋನ್ ಯಾವ ಕ್ಷಣದಲ್ಲಿ ಸತ್ತರೂ ನಿಮ್ಮ ಡೈವ್‌ಗೆ ಏನೂ ಆಗಬಾರದು, ಆ ಹಾಗೆ ಜೋಡಿಸಿಕೊಳ್ಳಿ. ಸರ್ವೆಗೆ ಆಳದ ಅಂಕಿ ಬೇಕಿದ್ದರೆ ಡೈವ್ ಕಂಪ್ಯೂಟರಿನ ಲಾಗನ್ನು ಆಮೇಲೆ ಸಮಯ ನೋಡಿ ಕೂಡಿಸಿಕೊಳ್ಳಬಹುದು. ಎರಡರ ಗಡಿಯಾರವೂ ಬೆಳಿಗ್ಗೆಯೇ ಒಂದಾಗಿರಲಿ.

ಜಿಪಿಎಸ್, ಬ್ಲೂಟೂತ್, ವೈಫೈ ಯಾವುದೂ ಸಮುದ್ರದ ನೀರಿನಲ್ಲಿ ಕೆಲವು ಸೆಂಟಿಮೀಟರ್ ದಾಟುವುದಿಲ್ಲ. ಜಾಗ ಗುರುತಿಸಲು ಮೇಲೆ ಎಳೆದೊಯ್ಯುವ ಫ್ಲೋಟಿನಲ್ಲಿ ಇನ್ನೊಂದು ಫೋನ್ ಇಟ್ಟು ಅದರಲ್ಲಿ ಜಿಪಿಎಸ್ ಓಡಿಸಿ. ನೀರಿನಲ್ಲಿ ದೂರ ಹೋಗುವುದು ಶಬ್ದ ಮಾತ್ರ. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಫೋನ್‌ನ ಸ್ಪೀಕರ್, ಮೈಕ್ ಬಳಸಿಯೇ ನೀರೊಳಗೆ ಸಂದೇಶ ಕಳಿಸುವ ಆ್ಯಪ್ ಮಾಡಿ ತೋರಿಸಿದ್ದಾರೆ. ನನಗೆ ಅದರ ಮೇಲೆ ತುಂಬ ಆಸೆ ಇದೆ, ಆದರೆ ಜೊತೆಗಾರನ ಕಣ್ಣಳತೆ ಬಿಟ್ಟು ಹೋಗಲು ಅದನ್ನು ನೆಪ ಮಾಡಿಕೊಳ್ಳಬೇಡಿ.

ನನಗೆ ನಿಜವಾಗಿ ಹೆದರಿಕೆ ಇರುವುದು ಸೋರಿಕೆಯ ಬಗ್ಗೆ ಅಲ್ಲ. ಸ್ಕ್ರೀನ್ ನಮ್ಮ ಗಮನವನ್ನು ಹೀರಿಬಿಡುತ್ತದೆ. ದಡದಲ್ಲಿ ಹೇಗೋ, ಕೆಳಗೂ ಹಾಗೇ. ಫಾರ್ಮ್ ಸರಿ ಮಾಡುತ್ತಾ ಕೂತವರು ಎರಡು ಮೀಟರ್ ಕೆಳಗಿಳಿದದ್ದು, ಸಿಲಿಂಡರಿನ ಗಾಳಿಯ ಒತ್ತಡ 70 ಬಾರ್‌ಗೆ ಇಳಿದದ್ದು, ಜೊತೆಗಾರ ಪ್ರವಾಹದಲ್ಲಿ ದೂರ ಹೋದದ್ದು ಗಮನಿಸುವುದಿಲ್ಲ. ಇದನ್ನು ನಾನು ಅನುಭವಿ ಡೈವರ್‌ಗಳಲ್ಲೇ ನೋಡಿದ್ದೇನೆ. ಆದ್ದರಿಂದ ಕೆಳಗೆ ಏನೂ ತಿದ್ದುವ ಹಾಗಿರಬಾರದು. ಏರೋಪ್ಲೇನ್ ಮೋಡ್ ಹಾಕಿ, ಸ್ಕ್ರೀನ್ ಲಾಕ್, ಅಪ್‌ಡೇಟ್, ನೋಟಿಫಿಕೇಶನ್ ಎಲ್ಲ ಆಫ್ ಮಾಡಿ, ಆ್ಯಪನ್ನು ಪಿನ್ ಮಾಡಿ. ಐದು ನಿಮಿಷಕ್ಕೊಮ್ಮೆ ಸ್ಕ್ರೀನ್ ತುಂಬ "ಗಾಳಿ ಎಷ್ಟಿದೆ?" ಅಂತ ಬರುವ ಹಾಗೆ ಮಾಡಿಸಿ. ಮೊದಲ ಐದು ಡೈವ್ ಸರ್ವೆ ಇಲ್ಲದೆ, ಆರೇಳು ಮೀಟರಿನಲ್ಲಿ, ಬರೀ ಅಭ್ಯಾಸಕ್ಕೆ ಮಾಡಿ. ಪ್ರವಾಸಿಗರನ್ನು ಕರೆದೊಯ್ಯುವ ಡೈವ್‌ನಲ್ಲಿ ಅದನ್ನು ಮುಟ್ಟಲೇಬೇಡಿ. ಸ್ಲೇಟು ಬಿಸಿಡಿಗೆ (ತೇಲುವಿಕೆ ಹತೋಟಿಯಲ್ಲಿಡುವ ಜಾಕೆಟ್) ನೇತಾಡುತ್ತಲೇ ಇರಲಿ.

ಒಂದು ವೇಳೆ ನೀರು ಹೊಕ್ಕಿತು ಅನ್ನಿ. ಆಳದಲ್ಲಿ ಹೊಕ್ಕ ನೀರು ಒಳಗಿನ ಗಾಳಿಯನ್ನು ಅದುಮಿರುತ್ತದೆ, ಮೇಲೆ ಬರುವಾಗ ಆ ಒತ್ತಡ ಒಳಗೇ ಉಳಿಯಬಹುದು. ಜೊತೆಗೆ ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿ ಬಿಸಿಯಾಗಿ ಗ್ಯಾಸ್ ಬಿಡುತ್ತದೆ. ಮುಚ್ಚಳ ಸಿಡಿದು ಮುಖಕ್ಕೆ ಬಡಿಯಬಹುದು. ಡಬ್ಬಿಯನ್ನು ಮುಖದಿಂದ, ಜನರಿಂದ ದೂರ ತಿರುಗಿಸಿ, ಮೊದಲು ವಾಲ್ವ್ ಸಡಿಲಿಸಿ, ಆಮೇಲೆ ತೆಗೆಯಿರಿ. ಮುಟ್ಟಿದರೆ ಬಿಸಿ ಇದೆ ಅನ್ನಿಸಿದರೆ ತೆಗೆಯಲೇಬೇಡಿ, ಪೆಟ್ರೋಲ್ ಕ್ಯಾನಿನಿಂದ ದೂರ ಇಡಿ. ಫೋನ್ ಆನ್ ಮಾಡಬೇಡಿ, ಚಾರ್ಜ್ ಹಾಕಬೇಡಿ, ಅಕ್ಕಿಯಲ್ಲಿ ಹೂತಿಡುವುದರಿಂದ ಉಪ್ಪು ಹೋಗುವುದಿಲ್ಲ. ಒಳ್ಳೆ ನೀರಿನಲ್ಲಿ ತೊಳೆದು ರಿಪೇರಿಯವರಿಗೆ ಕೊಡಿ. ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ನಿಮ್ಮ 15 ಸಾವಿರದಲ್ಲಿ ಹಳೇ ಫೋನ್, 12 ಎಂಎಂ ಅಕ್ರಿಲಿಕ್, ಓ-ರಿಂಗ್, ವಾಲ್ವ್, ಕೈಪಂಪು, ಸ್ವಿಚ್‌ಗಳು ಆಗುತ್ತವೆ ಅನ್ನುವುದು ನನ್ನ ಅಂದಾಜು. ದುಬಾರಿ ಬೀಳುವುದು ಓ-ರಿಂಗಿನ ತೋಡು ಕೊರೆಸುವುದು. ಅದನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಇರುವವರ ಹತ್ತಿರವೇ ಮಾಡಿಸಿ, ಕೈ ಡ್ರಿಲ್‌ನಲ್ಲಿ ಆಗುವ ಕೆಲಸ ಅಲ್ಲ. ಹೇಗೂ ಮಳೆಗಾಲದಲ್ಲಿ ದೋಣಿ ನಿಂತಿರುತ್ತದೆ, ಆಗ ಕೂತು ಆರಾಮಾಗಿ ಮಾಡಬಹುದು. ಹಾಳೆ ಕತ್ತರಿಸುವ ಮುಂಚೆ ಕಿಟಕಿಯ ಉದ್ದ, ಅಗಲ, ತೋಡಿನ ಆಳ ಮತ್ತು ಓ-ರಿಂಗಿನ ದಪ್ಪ ಬರೆದು ಕಳಿಸಿ, ಲೆಕ್ಕ ನಾನೊಮ್ಮೆ ನೋಡುತ್ತೇನೆ.